ಯುದ್ಧಕ್ಕೆ ದನಿಯಾದ ಮಾಮಿ

ಮೈಕಿನ ಮುಂದೆ ಕೂರುವ ಮೊದಲು ಅವರು ಎರಡೂ ಕೈಗಳ ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿ ಕರವಸ್ತ್ರದಲ್ಲಿ ಗಂಟು ಕಟ್ಟುತ್ತಿದ್ದರು. ರೇಷ್ಮೆ ಸೀರೆ ಸರಭರ ಸದ್ದು ಮಾಡುತ್ತದೆಂದು ಒಳಗೆ ಹೋಗಿ ಹಳೆಯ ನೂಲಿನ ಸೀರೆ ಉಟ್ಟು ಬರುತ್ತಿದ್ದರು. ಮನೆಯಿಂದಲೇ ನೂಲಿನದು ಉಟ್ಟು ಬರಬಾರದೇ ಎಂದು ಕೇಳಿದರೆ, "ಬಸ್ಸಲ್ಲಿ ನಾಲ್ಕು ಜನ ನೋಡುವುದು ಬೇಡವಾ?" ಎನ್ನುತ್ತಿದ್ದರು. ರೆಕಾರ್ಡಿಂಗ್ ನಡೆಯುವಾಗ ಏಸಿ ಆರಿಸಬೇಕು. ಅರವತ್ತು ದಾಟಿದ ಆ ಹೆಂಗಸು ಆ ಸಣ್ಣ ಕೋಣೆಯಲ್ಲಿ ಚೆನ್ನೈನ ಮೇ ತಿಂಗಳ ಬೆವರು ಒರೆಸಿಕೊಳ್ಳುತ್ತ, ಹಿಮದಲ್ಲಿ ಹೆಪ್ಪುಗಟ್ಟಿದ ಸೈನಿಕರ ಕತೆ ಓದುತ್ತಿದ್ದರು. ಆ ಕೋಣೆಯ ಗಾಜಿನ ಗೋಡೆಯ ಈಚೆ ಕೂತ ನನಗೆ ಚಳಿಯಾಗುತ್ತಿತ್ತು.

ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ ಬಂದ ಹೊಸದರಲ್ಲಿ ಗಂಡನನ್ನು ಬಿಟ್ಟರೆ ಕನ್ನಡದಲ್ಲಿ ಮಾತಾಡಲು ನನಗೆ ಯಾರೂ ಇರಲಿಲ್ಲ. ಕೋಡಂಬಾಕ್ಕಂನ ಸ್ಟುಡಿಯೋವೊಂದಕ್ಕೆ ಟಿವಿ ಸಾಕ್ಷ್ಯಚಿತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ಬೇಕಂತೆ ಎಂದು ಯಾರೋ ಹೇಳಿದರು. ಹೋದೆ. ಮಹಾಯುದ್ಧಗಳು, ಪಿರಮಿಡ್ಡುಗಳು, ಮಣ್ಣಲ್ಲಿ ಹೂತುಹೋದ ಊರುಗಳು. ಬರೆಯುವುದು ನಾನು, ಓದುವುದು ಅವರು. ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಮಾಮಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಮಾಮಿಯ ತಂದೆ ಉಡುಪಿ ಕಡೆಯವರು, ಸೌಕಾರ್‌ಪೇಟೆಯ ಹೋಟೆಲೊಂದರಲ್ಲಿ ಅಡುಗೆಗಿದ್ದವರು. ಮಾಮಿ ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಕನ್ನಡ ಸಿನಿಮಾಗಳು ಕೋಡಂಬಾಕ್ಕಂನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಗುಂಪಿನ ದನಿ ಕೊಡಲು ಸೇರಿಕೊಂಡಿದ್ದರು. "ನೆರೆ ಬಂತು, ಬೆಂಕಿ ಬಿತ್ತು ಅಂದ್ರೆ ಕಿರುಚುವುದು ನಾನೇ" ಎಂದು ಹೇಳಿಕೊಳ್ಳುವಾಗ ಮುಖ ಅರಳುತ್ತಿತ್ತು. ಸಿನಿಮಾದವರು ಬೆಂಗಳೂರಿಗೆ ಹೋದರು, ಮಾಮಿ ಉಳಿದರು. ಯುದ್ಧದ ಸರಣಿಯನ್ನು ಓದುತ್ತಿದ್ದ ಗಂಡಸು ಕಾಯಿಲೆ ಬಿದ್ದಾಗ ಅದು ಇವರ ಪಾಲಿಗೆ ಬಂತು. ಯುದ್ಧಕ್ಕೆ ಹೆಂಗಸಿನ ದನಿಯೇ ಎಂದು ಚಾನೆಲ್ಲಿನವರು ಮೂಗು ಮುರಿದರಂತೆ. "ಯುದ್ಧ ಮಾಡಿ ಗಂಡಸರು ಸಾಯ್ತಾರೆ. ಆಮೇಲೆ ಕತೆ ಹೇಳ್ಲಿಕ್ಕೆ ಉಳಿಯುವುದು ಹೆಂಗಸರೇ ಅಲ್ವಾ?" ಎಂದು ಮಾಮಿ ಫೋನಿನಲ್ಲೇ ಕೇಳಿದರಂತೆ.

ಜರ್ಮನ್ ಸೇನಾಪತಿಗಳ ಹೆಸರು ಮಾತ್ರ ಅವರ ನಾಲಗೆಗೆ ಕೊನೆಯವರೆಗೂ ಒಗ್ಗಲಿಲ್ಲ. ತಪ್ಪಿದಾಗಲೆಲ್ಲ ಆ ಹೆಸರಿಟ್ಟ ತಾಯಂದಿರಿಗೇ ಬೈಗುಳ. "ಮಾಮಿ, ಇನ್ನೊರು ಟೇಕ್ ಪೋಲಾಮಾ?" ಎಂದು ತಮಿಳಿನ ಸೌಂಡ್ ಇಂಜಿನಿಯರ್ ಇನ್ನೊಂದು ಸಲ ಓದಲು ಮೆಲ್ಲಗೆ ಕೇಳಿದರೆ ಅವನಿಗೂ ಒಂದು ಪಾಲು. ಪುರಾತನ ರಾಜರ ಗೋರಿ ತೆರೆಯುವ ದೃಶ್ಯ ಬಂದರೆ, "ಪಾಪ, ಮಲಗಿದವರನ್ನು ಎಬ್ಬಿಸ್ತಾರೆ" ಎಂದು ಮುಖ ತಿರುಗಿಸುತ್ತಿದ್ದರು.

ನನ್ನ ಮೊದಲ ಬರಹದಲ್ಲಿ "ಶತ್ರುಗಳನ್ನು ತಟಸ್ಥಗೊಳಿಸಲಾಯಿತು" ಎಂಬ ವಾಕ್ಯವಿತ್ತು. ಮಾಮಿ ಓದದೆ ಹೊರಗೆ ಬಂದರು.

"ತಟಸ್ಥ ಅಂದ್ರೆ ಎಂತ ಮಾರಾಯ್ತಿ? ಸುಮ್ಮನೆ ಕೂತರಾ?"

"ಇಂಗ್ಲಿಷಿನಲ್ಲಿ ಹಾಗೇ ಇದೆ ಮಾಮಿ. ಕೊಂದರು ಅಂತ ಅರ್ಥ."

"ಹಾಗಾದ್ರೆ ಕೊಂದರು ಅಂತ ಬರಿ. ನೀನು ಮುಚ್ಚಿಟ್ಟದ್ದನ್ನು ನಾನು ಓದುವುದು ಹೇಗೆ?"

ಅಂದಿನಿಂದ ಬರೆದದ್ದನ್ನೆಲ್ಲ ಅವರಿಗೆ ಮೊದಲು ಓದಿ ಹೇಳುವುದು ರೂಢಿಯಾಯಿತು.

ಬರ್ಮಾದ ಯುದ್ಧದ ಕಂತು ಬಂದದ್ದು ಎರಡು ವರ್ಷ ಕಳೆದ ಮೇಲೆ. ರೆಕಾರ್ಡಿಂಗಿಗೆ ಮುಂಚೆ ಚಿತ್ರವನ್ನು ಒಮ್ಮೆ ನೋಡುವುದು ವಾಡಿಕೆ. ಪರದೆಯ ಮೇಲೆ ಹಳೆಯ ಕಪ್ಪುಬಿಳುಪು ದೃಶ್ಯ: ಕಾಡಿನ ಹಾದಿಯಲ್ಲಿ ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು, ಸಾಲು ಸಾಲಾಗಿ ನಡೆಯುವ ನಮ್ಮವರು. ಅದಕ್ಕೆ ಇದ್ದ ಮಾತು ಇಷ್ಟೇ: "ಸಾವಿರಾರು ಭಾರತೀಯರೂ ಕಾಲ್ನಡಿಗೆಯಲ್ಲಿ ಹೊರಟರು. ಅನೇಕರು ಗಡಿ ತಲುಪಲಿಲ್ಲ." ಕೂಡಲೇ ವಿಮಾನಗಳ ಕತೆ ಶುರು.

"ಇಷ್ಟೇಯಾ?" ಎಂದರು ಮಾಮಿ.

"ಇಷ್ಟೇ."

ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ನಮ್ಮ ತಂದೆ ಮೊದಲು ಇದ್ದದ್ದು ರಂಗೂನಿನ ಹೋಟೆಲಲ್ಲಿ. ಬಾಂಬು ಬಿದ್ದಾಗ ಹೆಂಡತಿ, ಮಕ್ಕಳನ್ನು ಕಟ್ಟಿಕೊಂಡು ನಡೆದೇ ಬಂದದ್ದು. ನಂಗೊಬ್ಬಳು ಅಕ್ಕ ಇದ್ದಳು, ಗೊತ್ತುಂಟಾ? ನಾನು ಹುಟ್ಟುವ ಮೊದಲೇ ಹೋದಳು. ಈಗ ನಂಗೆ ಮೊಮ್ಮಗಳಿದ್ದಾಳೆ, ಅಕ್ಕನಿಗೆ ಇನ್ನೂ ಮೂರೇ ವರ್ಷ." ಪರದೆಯತ್ತ ತಿರುಗಿ, "ದಾರಿಯಲ್ಲಿ ಜ್ವರ ಬಂತಂತೆ. ತಾಯಿ ಒಮ್ಮೆ ಮಾತ್ರ ಹೇಳಿದ್ದು. ತಂದೆ ಸಾಯುವವರೆಗೂ ಬಾಯಿ ಬಿಡಲಿಲ್ಲ" ಎಂದರು.

ಆಮೇಲೆ ನನ್ನ ಮುಂದಿದ್ದ ಹಾಳೆಯ ಮೇಲೆ ಬೆರಳಿಟ್ಟರು.

"ಒಂದು ಮಾತು ಸೇರಿಸ್ಲಿಕ್ಕೆ ಆಗ್ತದಾ?"

ಮೂಲದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ. ಅದು ನಮ್ಮ ಕೆಲಸದ ಮೊದಲ ನಿಯಮ. ಸಿಕ್ಕಿಬಿದ್ದರೆ ಕೆಲಸವೇ ಹೋಗಬಹುದಿತ್ತು. ಆದರೂ ಪೆನ್ನು ತೆಗೆದುಕೊಂಡೆ. ವಿಮಾನಗಳಿಗೆ ನಾನು ತೊಡಿಸಿದ್ದ ಭೀಕರ, ಭಯಾನಕಗಳನ್ನೆಲ್ಲ ಹೊಡೆದುಹಾಕಿದೆ. ಹಾಗೆ ಉಳಿದ ನಾಲ್ಕಾರು ಸೆಕೆಂಡಿಗೆ ಹೊಂದುವಂತೆ ಬರೆದೆ: "ಎಷ್ಟೋ ತಾಯಂದಿರು ದಾರಿಯಲ್ಲೇ ಮಕ್ಕಳನ್ನು ಮಣ್ಣು ಮಾಡಿ ಮುಂದೆ ನಡೆದರು." ಮಾಮಿ ಅದನ್ನು ಒಂದೇ ಸಲಕ್ಕೆ ಓದಿದರು. ದನಿ ನಡುಗಲಿಲ್ಲ. ಕನ್ನಡ ಬಾರದ ಇಂಜಿನಿಯರ್ ಮಾತ್ರ ತಲೆಯೆತ್ತಿ ನನ್ನನ್ನೇ ನೋಡಿದ.

ವಾರದೊಳಗೆ ಚಾನೆಲ್ಲಿನಿಂದ ಪರಿಶೀಲಿಸುವವರ ಫೋನು ಬಂತು. "ಈ ವಾಕ್ಯ ಮೂಲದಲ್ಲಿ ಇಲ್ಲವಲ್ಲ ಮೇಡಂ?"

"ಮಾತಿನಲ್ಲಿಲ್ಲ, ಚಿತ್ರದಲ್ಲಿದೆ. ಆ ಹೆಂಗಸರ ಮುಖ ಇನ್ನೊಮ್ಮೆ ನೋಡಿ" ಎಂದೆ. ಅವರು ನೋಡಿದರೋ ಏನೋ, ವಾಕ್ಯ ಉಳಿಯಿತು.

ಅದು ಪ್ರಸಾರವಾದ ಭಾನುವಾರ ಮಾಮಿ ನನ್ನನ್ನು ಅಣ್ಣಾ ನಗರದ ಮಗಳ ಮನೆಗೆ ಕರೆದಿದ್ದರು. ಅವರ ಅಣ್ಣನೂ ಬಂದಿದ್ದರು. ಆ ದಾರಿಯಲ್ಲಿ ನಡೆದವರ ಪೈಕಿ ಮನೆಯಲ್ಲಿ ಉಳಿದಿದ್ದವರು ಅವರೊಬ್ಬರೇ. ಆಗ ಏಳು ವರ್ಷದವರಂತೆ. ಅವರೂ ತಂದೆಯ ಹಾಗೆಯೇ, ಆ ವಿಷಯ ಎತ್ತಿದರೆ ಎದ್ದು ಹೋಗುವವರು. ಆ ವಾಕ್ಯ ಬಂತು. ಅಣ್ಣ ಕದಲಲಿಲ್ಲ. ಜಾಹೀರಾತು ಶುರುವಾದ ಮೇಲೆ, "ಸ್ವಲ್ಪ ದೂರ ನಾನೇ ಎತ್ತಿಕೊಂಡಿದ್ದೆ. ಕೈ ಸೋತಿತು. ಅಪ್ಪನಿಗೆ ಕೊಟ್ಟೆ" ಎಂದರು. ಆಮೇಲೆ ಆ ಮಗುವಿನ ಹೆಸರು ಹೇಳಿದರು.

ಮಾಮಿ ತಟ್ಟನೆ ತಿರುಗಿದರು. "ಅದು ನನ್ನ ಹೆಸರಲ್ವಾ ಅಣ್ಣ?"

"ಹೌದು. ನೀನು ಹುಟ್ಟಿದಾಗ ಅಮ್ಮ ಬೇರೆ ಹೆಸರು ಬೇಡವೇ ಬೇಡ ಅಂದಳು."

ಮಾಮಿ ಅಣ್ಣನ ಕೈ ಹಿಡಿದು ಬಹಳ ಹೊತ್ತು ಕೂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಕ್ಕತಂಗಿ ಇಬ್ಬರೂ ಹಂಚಿಕೊಂಡ ಆ ಹೆಸರನ್ನು ಇಲ್ಲಿ ಬರೆಯಲು ನನಗೆ ಮನಸ್ಸು ಬಾರದು.

ಆಮೇಲೆ ಹಲವು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ಕೊನೆಗೆ ಕಾಯಿಲೆ ಬಂದದ್ದು ಅವರ ಗಂಟಲಿಗೇ. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ನಾನು ನೋಡಲು ಹೋದಾಗಲೆಲ್ಲ ಟಿವಿಯಲ್ಲಿ ಯಾವುದಾದರೂ ಪುರಾತನ ಊರಿನ ಚಿತ್ರ ಹಾಕಿ, ಶಬ್ದ ಪೂರ್ತಿ ತಗ್ಗಿಸಿ, ನನ್ನ ಕಡೆ ಬೆರಳು ತೋರಿಸುತ್ತಿದ್ದರು. ನೀನು ಹೇಳು ಎಂದು. ಶಬ್ದ ಇಟ್ಟರೇನು ಎಂದು ನಾನು ಹಿಂಜರಿದರೆ ಮೊಮ್ಮಗಳು, "ಪಾಟ್ಟಿಕ್ಕು ನೀಂಗ ಸೊನ್ನಾತಾನ್ ಪಿಡಿಕ್ಕುಂ" ಎನ್ನುತ್ತಿದ್ದಳು. ಅಜ್ಜಿಗೆ ನೀವು ಹೇಳಿದರೇ ಇಷ್ಟವಂತೆ! ಗಾಜಿನ ಈಚೆಯೇ ಕೂತಿದ್ದ ನಾನು ಹಾಗೆ ಅವರ ಮುಂದೆ ಬಾಯಿ ಬಿಟ್ಟೆ. ಅವಸರ ಮಾಡಿದರೆ ಕುರ್ಚಿಯ ಕೈ ತಟ್ಟುತ್ತಿದ್ದರು. ನಿಲ್ಲಿಸಬೇಕಾದಲ್ಲಿ ಅಂಗೈ ಎತ್ತುತ್ತಿದ್ದರು.

ಕಡೆಯ ಸಲ ಹೋದಾಗ ಟಿವಿಯಲ್ಲಿ ಒಂದು ಒಡೆದ ಮಡಕೆಯನ್ನು ಹತ್ತಿರದಿಂದ ತೋರಿಸುತ್ತಿದ್ದರು. ಸುಡುವ ಮುಂಚೆ ಹಸಿ ಮಣ್ಣಿನಲ್ಲಿ ಮೂಡಿದ್ದ ಬೆರಳಿನ ಗುರುತು ಹಾಗೇ ಇತ್ತು. "ಇದನ್ನು ಮಾಡಿದ ಕೈ ಯಾವಾಗಲೋ ಮಣ್ಣಾಯಿತು, ಅದರ ಒತ್ತು ಮಾತ್ರ ಇಲ್ಲಿದೆ" ಎಂದೆ. ಮಾಮಿ ನನ್ನತ್ತ ನೋಡಿದರು. ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಇನ್ನೊಮ್ಮೆ ಹೇಳಿದೆ. ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು.

ಆ ತಿಂಗಳ ಕೊನೆಯಲ್ಲಿ ಅವರು ತೀರಿಕೊಂಡರು. ಕನ್ನಡದ ಕೆಲಸ ಈಗಲೂ ಅಷ್ಟಿಷ್ಟು ಬರುತ್ತದೆ. ಓದುವವರು ಬೇರೆ ಯಾರೋ. ಆದರೆ ಬರೆಯುವಾಗ ನಾನು ಪ್ರತಿ ವಾಕ್ಯವನ್ನೂ ಮಾಮಿಯ ಉಸಿರಿಗೆ ಹೊಂದಿಸಿಯೇ ಬರೆಯುತ್ತೇನೆ. ಅವರಿಗೆ ಉಸಿರು ಸಾಲದು ಅನ್ನಿಸಿದ ಕಡೆ ಮಾತು ಕಡಿಮೆ ಮಾಡುತ್ತೇನೆ.