ಹುಳಿ ಬಂದ ದ್ರಾಕ್ಷಾರಸ

ತಿಂಗಳ ಮೊದಲ ಭಾನುವಾರದ ಹಿಂದಿನ ದಿನ ನನ್ನ ಹೆಂಡತಿ ಕಪ್ಪು ದ್ರಾಕ್ಷಿ ಬೇಯಿಸುತ್ತಿದ್ದಳು. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಬಾಗಿಲು ತೆರೆದರೆ ಸಾಕು, ವಾಸನೆ ಮೂಗಿಗೆ ಬರುತ್ತಿತ್ತು. ಎದುರು ಮನೆಯ ತೆಲುಗು ಅಜ್ಜಿ, "ರೇಪು ಮೀ ಚರ್ಚ್‌ಲೋ ಪೆದ್ದ ಪ್ರಾರ್ಥನಾ?" ಎಂದು ಕೇಳುತ್ತಿದ್ದರು. ನಾಳೆ ದೊಡ್ಡ ಪ್ರಾರ್ಥನೆಯೇ ಹೌದು, ಕರ್ತನ ಭೋಜನ. ರೊಟ್ಟಿಯ ತುಣುಕಿನ ಜೊತೆ ಸಣ್ಣ ಕಪ್ಪಿನಲ್ಲಿ ಕೊಡುವ ರಸವನ್ನು ನನ್ನ ತಾಯಿಯ ನಂತರ ಇವಳೇ ಮಾಡುತ್ತ ಬಂದಿದ್ದಳು. ಬೇಯಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ, ಮತ್ತೊಮ್ಮೆ ಕುದಿಸಿ, ಆರಿಸಿ ಬಾಟಲಿಗೆ ತುಂಬುವುದು. ಮಾರನೆಯ ದಿನ ಮೇಜಿನ ಮೇಲೆ ಇಡುವ ಮುಂಚೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡುವುದು.

ನಮ್ಮ ಸಭೆಯಲ್ಲಿ ಹುಳಿ ಬಂದ ರಸ ನಡೆಯುವುದಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನೋಡಿದ ಹಿರಿಯರು ಬೆಳಗಾವಿ ಕಡೆಯಿಂದ ಹೈದರಾಬಾದಿಗೆ ಬರುವಾಗ ತಂದ ಕಟ್ಟಳೆ ಅದು. ನಾರಾಯಣಗೂಡ ಕಡೆಯ ಹಳೆಯ ಚರ್ಚೊಂದರಲ್ಲಿ, ನಮ್ಮವರ ಮಾತಿನಲ್ಲಿ ಗುಡಿಯಲ್ಲಿ, ತೆಲುಗಿನವರ ಆರಾಧನೆ ಮುಗಿದ ಮೇಲೆ ನಮ್ಮ ಕನ್ನಡ ಆರಾಧನೆ. ಕೆಲವೇ ಮನೆತನಗಳು. ಎಲ್ಲರಿಗೂ ಎಲ್ಲರ ಮನೆಯ ಸಂಗತಿ ಗೊತ್ತು.

ಅಂಥ ಸಭೆಗೆ ಒಬ್ಬ ಎಲೆಕ್ಟ್ರಿಷಿಯನ್ ಬರುತ್ತಿದ್ದ. ಕೊಂಡಾಪುರದ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಅವನ ಕೆಲಸ, ಅಲ್ಲೇ ಪಂಪಿನ ಮನೆಯ ಪಕ್ಕ ವಾಸ. ಹಿಂದೆ ಭಾರಿ ಕುಡಿಯುತ್ತಿದ್ದವನು ಬಿಟ್ಟಿದ್ದ. ಬಿಟ್ಟ ಮೇಲೆ ಮೊದಲ ಸಲ ಕರ್ತನ ಭೋಜನಕ್ಕೆ ಬಂದಾಗ ಕಪ್ಪಿನ ಮುಂದೆ ಅವನ ಕೈ ಹಿಂದೆ ಸರಿದದ್ದನ್ನು ನಾನು ನೋಡಿದ್ದೇನೆ. ಪಕ್ಕದಲ್ಲಿ ಮೊಣಕಾಲೂರಿದ್ದ ನನ್ನ ಹೆಂಡತಿ, "ತಮ್ಮಾ, ಇದರಾಗ ಏನೂ ಇಲ್ಲಪಾ. ನಾನ ಕೈಯಾರ ಮಾಡೀನಿ. ಅಂಜಬ್ಯಾಡ, ಕುಡಿ" ಎಂದಿದ್ದಳು. ಅಂದಿನಿಂದ ಅವನಿಗೆ ಅವಳು ಅಕ್ಕ. ಗುಡಿಯ ಮೈಕು, ಸ್ಪೀಕರು, ಫ್ಯಾನು ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ತೆಲುಗಿನವರಿಗೂ ಅವನೇ ಬೇಕು.

ಆ ವರ್ಷ ಮೇ ತಿಂಗಳಲ್ಲಿ ನನ್ನ ಹೆಂಡತಿಯ ಅಕ್ಕ ಊರಲ್ಲಿ ತೀರಿಕೊಂಡಳು. ಸುದ್ದಿ ಬಂದದ್ದು ಬುಧವಾರ. ರೈಲು ಹತ್ತುವ ಮೊದಲು ಅಳುತ್ತಲೇ ದ್ರಾಕ್ಷಿ ಬೇಯಿಸಿದಳು. "ಬಂದ ಮೇಲೆ ಮಾಡಿದರಾಯಿತು" ಎಂದೆ. "ನಾವು ಬರೂದ ಐತವಾರ ಮುಂಜಾನೆ, ಯಾವಾಗ ಮಾಡ್ಲಿ?" ಎಂದಳು. ಬಾಟಲಿಯನ್ನು ಗುಡಿಯ ಪಕ್ಕದ ಕೋಣೆಯ ಫ್ರಿಜ್ಜಿನಲ್ಲಿ ಇಟ್ಟು ಹೊರಟೆವು.

ಭಾನುವಾರ ಸ್ಟೇಷನ್ನಿನಿಂದ ನೇರವಾಗಿ ಗುಡಿಗೆ ಹೋದೆವು. ರೈಲು ತಡವಾಗಿತ್ತು, ಮೊದಲ ಹಾಡು ಶುರುವಾಗಿತ್ತು. ಅವಳು ಅವಸರದಲ್ಲಿ ಕಪ್ಪುಗಳಿಗೆ ರಸ ತುಂಬಿದಳು. ನಾಲಿಗೆಗೆ ಹಚ್ಚಿ ನೋಡಲಿಲ್ಲ.

ನನ್ನ ಸರದಿ ಬಂದಾಗ ಕಪ್ಪು ಎತ್ತಿದೆ. ಮೂಗಿಗೆ ಹುಳಿ, ನಾಲಿಗೆಯ ಮೇಲೆ ಸಣ್ಣ ಚುರುಕು. ನುಂಗಿದೆ. ನನ್ನ ಎಡಗಡೆ ಎಲೆಕ್ಟ್ರಿಷಿಯನ್ ಇದ್ದ. ಅವನು ಕುಡಿದು ಕಪ್ಪನ್ನು ಕೆಳಗಿಡಲಿಲ್ಲ. ತುಟಿಯ ಹತ್ತಿರವೇ ಹಿಡಿದುಕೊಂಡ. ಕಣ್ಣು ಮುಚ್ಚಿತ್ತು. ಆಮೇಲೆ ಎದ್ದು, ಜಾಗಕ್ಕೆ ಹೋಗದೆ, ಬಾಗಿಲಿನಿಂದ ಹೊರಗೆ ನಡೆದ. ಮೈಕು ಕಿರ್ ಎಂದು ಕೂಗುತ್ತಲೇ ಇತ್ತು, ಅದನ್ನು ಸರಿಮಾಡುವವರು ಯಾರೂ ಇರಲಿಲ್ಲ.

ಆರಾಧನೆ ಮುಗಿದ ಮೇಲೆ ನಾವಿಬ್ಬರೂ ಪಕ್ಕದ ಕೋಣೆಗೆ ಹೋದೆವು. ಫ್ರಿಜ್ಜಿನ ಒಳಗೆ ಕೈಯಿಟ್ಟರೆ ಬೆಚ್ಚಗಿತ್ತು. ಆ ಕೋಣೆಯಲ್ಲಿ ಕೆಲಸ ಮಾಡುವ ಸಾಕೆಟ್ಟು ಒಂದೇ. ಅದರಲ್ಲಿ ಸ್ಪೀಕರಿನ ವೈರು ಚುಚ್ಚಿತ್ತು, ಫ್ರಿಜ್ಜಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಆ ವಾರ ತೆಲುಗಿನವರ ಮಕ್ಕಳಿಗೆ ಬೇಸಿಗೆಯ ಶಾಲೆ ನಡೆದಿತ್ತು. ಸ್ಪೀಕರು ಹಚ್ಚಿದವನು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಆ ಕೆಲಸಕ್ಕೆ ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ.

ಅವಳು ಸ್ಪೀಕರಿನ ವೈರು ಕಿತ್ತು ಸುತ್ತಿಟ್ಟಳು. ಫ್ರಿಜ್ಜಿನ ಪ್ಲಗ್ಗು ಚುಚ್ಚಿದಳು. ಆಟೊದಲ್ಲಿ ಕುಳಿತ ಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ."

"ಯಾಕ?"

"ಅಂವಗ ಗೊತ್ತಾಗಬಾರದು. ಅಷ್ಟ."

ಅವನು ಅಂದೇ ಕುಡಿದಿದ್ದ. ಮರುದಿನವೂ ಕುಡಿದ. ಆ ವಾರದ ಕೊನೆಗೆ ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ, ಚಪ್ಪಲಿ ಬಿಡಲಿಲ್ಲ. ಎದುರು ಮನೆಯ ಅಜ್ಜಿ ಬಾಗಿಲು ಅರ್ಧ ತೆರೆದು ನಿಂತರು.

"ಅಕ್ಕಾ ಅಂತಿದ್ದನಲ್ರಿ ಅಂವ ನಿಮಗ! ಕೈಯಾರ ಮಾಡೀನಿ ಅಂದು ಕೈಯಾರ ಕುಡಿಸಿದ್ರಿ. ಈಗ ಬಂದು ನೋಡ್ರಿ ನಿಮ್ಮ ತಮ್ಮ ಹ್ಯಾಂಗ ಬಿದ್ದಾನ ಅಂತ. ನಿಮ್ಮ ಕೈಗೆ ಹುಳಾ ಬೀಳ್ಲಿ."

ನನ್ನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಊಟಾ ಮಾಡೀಯೇನವ್ವಾ?" ಎಂದಳು. ಆ ಹೆಂಗಸು ಉಗುಳಿ ಹೋದಳು. ಉಗುಳಿದ್ದು ನಮ್ಮ ಹೊಸ್ತಿಲಿಗೆ. ಅದನ್ನು ನನ್ನ ಹೆಂಡತಿಯೇ ಒರೆಸಿದಳು, ನನಗೆ ಬಿಡಲಿಲ್ಲ.

ಸಭೆಯ ಸಮಿತಿ ಸೇರಿತು. ನಾನೂ ಸಮಿತಿಯಲ್ಲಿದ್ದೇನೆ. ಹಿರಿಯರೊಬ್ಬರು, ಒಳ್ಳೆಯ ಕಂಠದವರು, ಎಲ್ಲರನ್ನೂ ನಗಿಸುವವರು, ಅಂದೂ ನಗಿಸಿದರು.

"ಇದು ಕಾನಾ ಊರಿನ ಮದುವಿ ಅಲ್ರಿ. ಅಲ್ಲಿ ಕರ್ತ ನೀರಿನಿಂದ ದ್ರಾಕ್ಷಾರಸ ಮಾಡಿದ. ನಮ್ಮ ತಂಗಿ ಒಂದ ಹೆಜ್ಜಿ ಮುಂದ ಹೋಗಿ ದ್ರಾಕ್ಷಾರಸದಿಂದ ಸಾರಾಯಿ ಮಾಡ್ಯಾಳ."

ಕೆಲವರು ನಕ್ಕರು. ನನ್ನನ್ನು ನೋಡಿ ನಿಲ್ಲಿಸಿದರು. ನಾನು ಮೇಜಿನ ಮೇಲಿನ ನೀರಿನ ಲೋಟವನ್ನು ನೋಡುತ್ತಿದ್ದೆ.

ಅವಳು ಸಭೆಯ ಮುಂದೆ ಕ್ಷಮೆ ಕೇಳಬೇಕು, ಇನ್ನು ಮುಂದೆ ಅಂಗಡಿಯ ಪ್ಯಾಕೆಟ್ ರಸ ತರಬೇಕು ಎಂದು ತೀರ್ಮಾನವಾಯಿತು. ಸಭಾಪಾಲಕರು ನನ್ನ ಅಭಿಪ್ರಾಯ ಕೇಳಿದರು. ನನ್ನ ಉದ್ಯೋಗ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಅಳೆದು ನೋಡುವುದು. ತಪ್ಪು ಎಲ್ಲಿ ಹುಟ್ಟಿತೆಂದು ಹಿಂದೆ ಹಿಂದೆ ಹೋಗಿ ಹುಡುಕುವುದೇ ನನ್ನ ಕೆಲಸ. ಇಲ್ಲಿ ಹುಡುಕಬೇಕಾದದ್ದೂ ಇರಲಿಲ್ಲ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. "ಅಕೀನ ಕೇಳ್ರಿ" ಎಂದೆ.

ಮಾತು ಕೊಟ್ಟಿದ್ದೆ, ಅದಕ್ಕೇ ಸುಮ್ಮನಿದ್ದೆ ಎಂದು ಈಗ ಹೇಳಿಕೊಳ್ಳಬಹುದು. ಅದು ಪೂರ್ತಿ ನಿಜವಲ್ಲ. ಸಮಿತಿಯ ಮುಂದೆ ಅವಳ ಗಂಡ ಎನಿಸಿಕೊಳ್ಳುವುದು ನನಗೆ ಕಷ್ಟವಾಗಿತ್ತು. ಮೌನ ಆ ಕಷ್ಟಕ್ಕೂ ಅನುಕೂಲವಾಯಿತು.

ಮುಂದಿನ ಭಾನುವಾರ ಅವಳು ಎದ್ದು ನಿಂತಳು. ಬಿಳಿ ಸೀರೆ, ತಲೆಯ ಮೇಲೆ ಸೆರಗು. ಹೇಳಿದ್ದು ಇಷ್ಟು:

"ರಸ ನಾನ ಮಾಡಿದ್ದು. ಬಾಯಿಗೆ ಹಚ್ಚಿ ನೋಡಲಾರದ ಮೇಜಿನ ಮ್ಯಾಲ ಇಟ್ಟೆ. ಅದರಿಂದ ನಮ್ಮ ತಮ್ಮ ಬಿದ್ದಾನ. ನನ್ನ ಕ್ಷಮಿಸ್ರಿ. ಅಂವಗೋಸ್ಕರ ಪ್ರಾರ್ಥನಾ ಮಾಡ್ರಿ."

ನನಗೆ ನಾಚಿಕೆಯಾಯಿತು. ಸಭೆಯ ನಡತೆಗೆ ನಾಚಬೇಕಿತ್ತು. ನಾಚಿದ್ದು ಅವಳಿಗಾಗಿ. ಅವಳ ಬಾಗಿದ ಕತ್ತಿಗೆ, ಅವಳ ಧ್ವನಿ ನಡುಗದಿದ್ದುದಕ್ಕೆ.

ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ನಾನು ಸಿಟ್ಟಾದೆ. "ಸುಳ್ಳು ಹೇಳಿ ತಲಿ ತಗ್ಗಿಸಿದಿ."

"ಯಾವುದು ಸುಳ್ಳು, ಹೇಳ್ರಿ?"

ನಾನು ಒಂದೊಂದೇ ವಾಕ್ಯವನ್ನು ಮನಸ್ಸಿನಲ್ಲಿ ಅಳೆದೆ. ಒಂದರಲ್ಲೂ ಸುಳ್ಳಿರಲಿಲ್ಲ.

"ಪ್ಲಗ್ ಕಿತ್ತಾಂವ ಅಂವ."

"ಬೇಕಂತ ಕಿತ್ತಾನೇನ್ರಿ? ಕುಡದದ್ದಕ್ಕ ಅಂವಗ ನಾ ಒಬ್ಬಾಕಿ ಕಾರಣ ಅದೀನಿ. ಬೈತಾನ, ಬಯ್ಲಿ. ಸಿಟ್ಟು ಒಂದಿನ ಇಳಿತೈತಿ. ತನ್ನ ಕೈಯಿಂದನ ಆತು ಅಂತ ಗೊತ್ತಾದ್ರ ಅಂವ ಮತ್ತ ಏಳ್ತಾನೇನು? ಮತ್ತ ಆ ಮೇಜಿಗೆ ಬರ್ತಾನೇನು?"

"ನಿನ್ನ ಮರ್ಯಾದಿ?"

"ಅದನ್ನ ನೋಡಾಂವ ಕರ್ತ ಒಬ್ಬ ಅದಾನ. ಆತನ ಮ್ಯಾಲೂ ಮಾಡಲಾರದ್ದೆಲ್ಲಾ ಹೊರಿಸಿದ್ರು. ಆತ ತಿರುಗಿ ಬೈದನೇನು?" ರೈಲು ಬಂತು. ಹತ್ತುವಾಗ ಅವಳ ಕಣ್ಣು ತುಂಬಿದ್ದವು. "ನನಗೇನು ಉರಿಯಂಗಿಲ್ಲ ಅಂತ ತಿಳಿಬ್ಯಾಡ್ರಿ. ಭಾಳ ಉರಿತೈತಿ."

ಅವಳಿಗೆ ಉರಿಯುತ್ತಿತ್ತು ಎಂಬುದಕ್ಕೆ ನಾನೇ ಸಾಕ್ಷಿ. ದ್ರಾಕ್ಷಿ ಬೇಯಿಸುವ ಪಾತ್ರೆಯನ್ನು ತಿಕ್ಕಿ ತಿಕ್ಕಿ ಅಟ್ಟಕ್ಕೆ ಹಾಕಿದಳು. ಕೆಲಸ ಮಾಡುವಾಗ ಹಾಡುವುದನ್ನು ಬಿಟ್ಟಳು. ಸಣ್ಣದಕ್ಕೆಲ್ಲ ನನ್ನ ಮೇಲೆ ರೇಗಿದಳು, ಆಮೇಲೆ ಒಬ್ಬಳೇ ಕೋಣೆಯಲ್ಲಿ ಮೊಣಕಾಲೂರಿ ಕೂತಳು. ಸಭೆಯ ಊಟದ ದಿನ ಅವಳು ತಂದ ಮಜ್ಜಿಗೆಯ ಮುಂದೆ ಒಬ್ಬ ಹೆಣ್ಣುಮಗಳು, "ನೋಡ್ರೆವ್ವಾ, ಇದಾದ್ರೂ ಸರಿಯಾಗಿ ಹುಳಿ ಆಗೇತೋ ಇಲ್ಲೋ!" ಎಂದಳು. ಸುತ್ತಲಿನವರು ನಕ್ಕರು. ಇವಳೂ ನಕ್ಕು, ಲೋಟಗಳಿಗೆ ಮಜ್ಜಿಗೆ ಸುರಿಯುತ್ತಲೇ ಇದ್ದಳು. ಆ ದಿನ ಮಜ್ಜಿಗೆ ಬಹಳ ಉಳಿಯಿತು. ಉಳಿದದ್ದನ್ನು ನಾವೇ ಹೊತ್ತು ತಂದೆವು.

ಪ್ರತಿದಿನ ಅವಳು ಪ್ರಾರ್ಥಿಸುತ್ತಿದ್ದುದು ಒಂದೇ ಮಾತು: ಅವನು ಮೇಜಿಗೆ ಬರಲಿ. ತನ್ನ ಮೇಲಿನ ಕಳಂಕ ಹೋಗಲಿ ಎಂದು ಅವಳು ಬೇಡಿದ್ದನ್ನು ನಾನು ಕೇಳಲಿಲ್ಲ.

ನನ್ನಿಂದ ಸಹಿಸಲಾಗಲಿಲ್ಲ. ಮಳೆಗಾಲದ ಒಂದು ಶನಿವಾರ, ಅವಳಿಗೆ ಹೇಳದೆ, ಕೊಂಡಾಪುರಕ್ಕೆ ಹೋದೆ. ಎಲೆಕ್ಟ್ರಿಷಿಯನ್ ಪಂಪಿನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಕುಡಿದಿರಲಿಲ್ಲ. ಗಡ್ಡ ಬಂದಿತ್ತು, ಕೆನ್ನೆ ಒಳಗೆ ಹೋಗಿದ್ದವು. ನನ್ನನ್ನು ನೋಡಿ ಎದ್ದು ಕಟ್ಟೆಯನ್ನು ಟವೆಲಿನಿಂದ ಒರೆಸಿದ.

"ಬರ್ರಿ ಮಾವಾ, ಕೂಡ್ರಿ. ಅಕ್ಕ ಹ್ಯಾಂಗದಾಳ?"

"ಅದಾಳ."

"ನನ್ನ ಹೇಣ್ತಿ ಬಂದು ಏನೇನೋ ಅಂದಾಳಂತ. ಹೌಲಿ ಅಕಿ, ತಲಿ ಇಲ್ಲ. ಮನಸಿಗೆ ಹಚ್ಚಿಕೋಬ್ಯಾಡ್ರಿ." ಟವೆಲು ಮಡಚಿ ಪಕ್ಕದಲ್ಲಿ ಕೂತ. "ಆದ್ರ ಮಾವಾ, ಅವತ್ತ ಅದು ನಾಲಿಗೆಗೆ ಹತ್ತಿದ ಕೂಡಲೆ, ಹಳೇ ದೋಸ್ತ ಬಂದು ಹೆಗಲ ಮ್ಯಾಲ ಕೈ ಇಟ್ಟಂಗ ಆತು. ಅಕ್ಕ ಹ್ಯಾಂಗ ನೋಡ್ಲಿಲ್ಲ ಅಂತ ಅದೊಂದ ತಿಳಿವಲ್ದು ನೋಡ್ರಿ."

ಆಗ ನನ್ನ ಬಾಯಿಂದ ಬಂತು. "ಆ ವಾರ ತೆಲುಗಿನವರ ಹುಡುಗೂರಿಗೆ ಸ್ಪೀಕರ್ ಹಚ್ಚಿದ್ಯಲ್ಲ, ಯಾವ ಸಾಕೆಟ್ಟಿಗೆ ಹಚ್ಚಿದ್ದಿ?"

ಅಷ್ಟೇ ಕೇಳಿದೆ. ಕೇಳಿದೊಡನೆ ನಿಲ್ಲಿಸಿದೆ. "ಇಲ್ಲ, ಸುಮ್ಮ ಕೇಳಿದೆ, ಆ ಕೋಣ್ಯಾಗ ಶಾರ್ಟ್ ಸರ್ಕ್ಯೂಟ್ ಆಗಾಕತ್ತೈತಿ ಅಂತ" ಎಂದು ಸುಳ್ಳು ಸೇರಿಸಿದೆ.

ಅವನು ನನ್ನನ್ನು ನೋಡಿದ. "ಅಲ್ಲಿ ಇರೂದ ಒಂದ ಸಾಕೆಟ್ ಅಲ್ಲೇನ್ರಿ" ಎಂದ. ಚಹಾ ತರಿಸಿದ. ನಾನು ಕುಡಿದು ಬಂದೆ. ಹೆಂಡತಿ ಎಲ್ಲಿಗೆ ಹೋಗಿದ್ದಿರಿ ಎಂದಾಗ ಬ್ಯಾಂಕಿಗೆ ಎಂದೆ.

ಆಮೇಲೆ ಅವನು ಬಹಳ ದಿನ ಕಾಣಲಿಲ್ಲ. ಪ್ರತಿ ಭಾನುವಾರ ಅವಳು ಬಾಗಿಲ ಕಡೆ ತಿರುಗಿ ನೋಡುತ್ತಿದ್ದಳು. ಅವಳು ತಿರುಗಿದಾಗಲೆಲ್ಲ ನಾನು ನೆಲ ನೋಡುತ್ತಿದ್ದೆ. ಅವಳು ಅಷ್ಟು ಹೊತ್ತುಕೊಂಡು ಉಳಿಸಿದ್ದನ್ನು ನಾನು ಒಂದು ಪ್ರಶ್ನೆಯಲ್ಲಿ ಕೆಡಿಸಿದೆನೇನೋ.

ಕ್ರಿಸ್‌ಮಸ್ ಹತ್ತಿರ ಬಂದಾಗ ಸಭಾಪಾಲಕರು ನಮ್ಮ ಮನೆಗೆ ಬಂದರು. ಎಲೆಕ್ಟ್ರಿಷಿಯನ್ ಅವರ ಬಳಿ ಹೋಗಿದ್ದನಂತೆ. ಹಲವು ವಾರಗಳಿಂದ ಮುಟ್ಟಿಲ್ಲವಂತೆ. ಭೋಜನಕ್ಕೆ ಬರುತ್ತೇನೆ, ಆದರೆ ಪ್ಯಾಕೆಟ್ಟಿನದು ಬೇಡ, ಅಕ್ಕನ ಕೈಯದೇ ಆಗಬೇಕು ಎಂದನಂತೆ. ಸಭಾಪಾಲಕರು ಚಹಾದ ಬಟ್ಟಲನ್ನು ತಿರುಗಿಸುತ್ತ, "ಕಮಿಟಿಯವರು ಒಪ್ಯಾರ್ರಿ. ನಿಮಗ ಮನಸ್ಸಿದ್ರ..." ಎಂದರು. ಆ ಹಿಂದಿನದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಅವಳೂ ಕೇಳಲಿಲ್ಲ. "ಅಟ್ಟದ ಮ್ಯಾಲಿನ ಪಾತ್ರಿ ಇಳಸ್ರಿ" ಎಂದು ನನಗೆ ಹೇಳಿದಳು.

ಭೋಜನದ ಭಾನುವಾರ ಬೇಗ ಹೋದೆವು. ಬಾಟಲಿಯನ್ನು ಆರಾಧನೆಯವರೆಗೆ ತಣ್ಣಗಿಡಲು ಪಕ್ಕದ ಕೋಣೆಗೆ ನಡೆದೆವು. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅದರ ಪ್ಲಗ್ಗಿಗೂ ಸಾಕೆಟ್ಟಿಗೂ ಸೇರಿಸಿ ಕರಿ ಇನ್ಸುಲೇಷನ್ ಟೇಪು ಸುತ್ತಿತ್ತು, ಕತ್ತರಿಸದೆ ಯಾರೂ ಕೀಳಲಾಗದ ಹಾಗೆ. ಅದರ ಪಕ್ಕ ಸ್ಪೀಕರಿಗೆಂದು ಹೊಸ ಬೋರ್ಡು ಕೂಡಿಸಿತ್ತು.

ಅವಳು ಬಾಟಲಿ ಹಿಡಿದುಕೊಂಡೇ ನೋಡಿದಳು. ಬೆರಳಿನಿಂದ ಟೇಪನ್ನು ಮುಟ್ಟಿದಳು.

"ನೀವು ಹೇಳಿದ್ರೇನು?"

"ಹೇಳಲಿಲ್ಲ," ಎಂದೆ. "ಕೇಳಿದೆ."

ನನ್ನ ಪ್ರಶ್ನೆಯಿಂದ ಅವನಿಗೆ ತಿಳಿಯಿತೋ, ಮೊದಲೇ ತಿಳಿದಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನನ್ನು ಕೇಳುವ ಮುಖ ನನಗಿಲ್ಲ. ತಿಳಿದೂ ಅವನು ಎದ್ದು ಬಂದ ಎಂಬುದನ್ನು ನನ್ನ ಸಮಾಧಾನಕ್ಕೆ ಬಳಸಿಕೊಳ್ಳಬಾರದು ಎಂದು ಮಾತ್ರ ಗೊತ್ತಿದೆ.

ಅವಳು ಬಾಟಲಿಯ ಮುಚ್ಚಳ ತೆಗೆದು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡಳು. ಇನ್ನೊಂದು ಹನಿಯನ್ನು ಚಮಚದಲ್ಲಿ ನನ್ನ ಕಡೆ ಚಾಚಿದಳು. ಎಂದೂ ಹಾಗೆ ಮಾಡಿದವಳಲ್ಲ. ನೋಡಿದೆ. ಸಿಹಿ, ಬೇರೇನೂ ಇಲ್ಲ.

"ಸರಿ ಐತಿ," ಎಂದೆ.

ಹೊರಗೆ ಅವನು "ಹಲೋ, ಹಲೋ" ಎಂದು ಮೈಕು ನೋಡುತ್ತಿದ್ದ. ಅವಳು ಕಪ್ಪುಗಳ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ಹಿಡೀರಿ, ಚೆಲ್ಲಬ್ಯಾಡ್ರಿ," ಎಂದು ಒಂದೊಂದಕ್ಕೂ ತುಂಬತೊಡಗಿದಳು. ತಟ್ಟೆಯಲ್ಲಿ ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸದ್ದು ನಿಲ್ಲುವವರೆಗೆ ಅವಳು ಕಾದಳು, ಆಮೇಲೆ ಮುಂದಿನದಕ್ಕೆ ತುಂಬಿದಳು.