ಹಾಲ್‌ನ ಮೆಟ್ಟಿಲ ಮೇಲಿನ ಸೌಟಿನ ಕಲೆ

ಕಾಡ್ಗಿಚ್ಚಿಗೆ ಸುಟ್ಟುಹೋದ ಹಾಲ್‌ನ ಜಾಗದಲ್ಲಿ ಈಗ ಹೊಸದು ಎದ್ದಿದೆ. ಈ ಯುಗಾದಿಗೆ ಅಲ್ಲಿಗೆ ಹೋದಾಗ ಮರದ ಮೆಟ್ಟಿಲಿನ ವಾರ್ನಿಶ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಎಂಟು ವರ್ಷದವಳಾದೆ.

ಆಗ ಪರದೇಶದಲ್ಲಿ ನಾವಿದ್ದ ಗಿರಾವೀನ್ ಬಡಾವಣೆಯ ಐದಾರು ಕನ್ನಡದ ಮನೆಯವರು ಪ್ರತಿ ಯುಗಾದಿಗೂ ಬೆಟ್ಟದೂರಿನ ಆ ಹಳೇ ಮರದ ಹಾಲ್ ಬುಕ್ ಮಾಡುತ್ತಿದ್ದೆವು. ಒಳಗೆ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರ್ಮ್ ಕೂಗುತ್ತದೆಂದು ಅಮ್ಮ ಹೊರಗೆ ಮೆಟ್ಟಿಲ ಬಳಿ ಸ್ಟೌವ್ ಇಟ್ಟುಕೊಳ್ಳುತ್ತಿದ್ದಳು. ಒಮ್ಮೆ ಕಾದ ಕಬ್ಬಿಣದ ಸೌಟನ್ನು ಮರೆತು ಮೆಟ್ಟಿಲ ಮೇಲಿಟ್ಟಳು. ದುಂಡನೆಯ ಕಪ್ಪು ಕಲೆ ಬಿತ್ತು. ಊಟವನ್ನೂ ಬಿಟ್ಟು ಅದನ್ನು ಉಜ್ಜಿದ್ದೇ ಉಜ್ಜಿದ್ದು.

ಹಾಲ್ ನೋಡಿಕೊಳ್ಳುತ್ತಿದ್ದ ಜೋನ್ ಆಂಟಿ, "ಲೀವ್ ಇಟ್, ಲವ್" ಎಂದರು, ಇರಲಿ ಬಿಡಮ್ಮ ಎನ್ನುವ ಹಾಗೆ. ಅವರಪ್ಪನ ಬೂಟು ಗೀರಿದ ಹಲಗೆ ತೋರಿಸಿ, ಇದು ನಮ್ಮ ಗುರುತು, ಅದು ನಿಮ್ಮದು ಎಂದರು.

ಬೆಂಕಿ ಎರಡನ್ನೂ ನುಂಗಿತು. ಹೊಸ ಗೋಡೆಯ ಮೇಲೆ ಹಳೇ ಹಾಲ್‌ನ ಚರಿತ್ರೆ ಬರೆದಿದ್ದಾರೆ. ಅದರಲ್ಲಿ ನಮ್ಮ ಯುಗಾದಿಗಳಿಲ್ಲ. ಅಮ್ಮ ಅದನ್ನು ಪೂರ್ತಿ ಓದಿಸಿಕೊಂಡು, ಹೊರಗೆ ಮೆಟ್ಟಿಲ ಬಳಿ ಒಗ್ಗರಣೆಗೆ ಕೂತಳು. ಸಾಸಿವೆ ಸಿಡಿಯಿತು, ಒಗ್ಗರಣೆ ಸಾರಿಗೆ ಬಿತ್ತು. ಖಾಲಿ ಸೌಟು ಮೆಟ್ಟಿಲ ಕಡೆಗೆ ಇಳಿಯುವುದನ್ನು ಕಂಡು ನಾನು ಗಾಬರಿಯಿಂದ ತಟ್ಟೆ ಒಡ್ಡಿದೆ.

"ತಟ್ಟೆ ತೆಗಿ," ಎಂದಳು ಅಮ್ಮ. "ಈ ಸಲ ಮರೆತು ಇಡ್ತಾ ಇಲ್ಲ."