ಹೊಳೆಗೆ ಹೊರಟ ಪೀಪಾಯಿ

ಕೆಟ್ಟ ಸಾಮಾನು ಕಣ್ಣಿಗೆ ಬಿದ್ದರೆ ಶಿವಗಂಗಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಕೊಣನೂರಿನ ಜವಳಿ ಅಂಗಡಿ ಚಂದ್ರಶೇಖರಯ್ಯನನ್ನು ಮದುವೆಯಾಗಿ ಬಂದ ವರ್ಷವೇ ಬಾಗಿಲಿನ ಅಗುಳಿ, ಬೀಸುಕಲ್ಲಿನ ಗೂಟ, ಗಂಡನ ಕೊಡೆ ಎಲ್ಲವನ್ನೂ ಬಿಚ್ಚಿ ಕಟ್ಟಿದ್ದಳು. ಅದಕ್ಕಿಂತ ಇಷ್ಟವಾದದ್ದು ಅವಳಿಗೆ ಒಂದೇ: ಬೆಳಗಿನ ಹೊಳೆ. ಕಾವೇರಿಯ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತ, ಗೆಳತಿ ಮುದ್ದಮ್ಮನ ಜೊತೆ ಊರನ್ನೆಲ್ಲ ಆಡಿಕೊಂಡು ನಗುವ ಹೊತ್ತು.

ನಲವತ್ತೇಳರ ಬೇಸಿಗೆಯಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟು ಬಂಗಲೆಯ ಸಾಮಾನು ಹರಾಜು ಹಾಕಿದ. ಚಂದ್ರಶೇಖರಯ್ಯ ಅಲ್ಲಿಂದ ಬಟ್ಟೆ ಒಗೆಯುವ ಯಂತ್ರ ತಂದ. ಕಾಲುಗಳಿದ್ದ ಮರದ ಪೀಪಾಯಿ. ಮುಚ್ಚಳದ ಮೇಲಿನ ಹಿಡಿ ತಿರುಗಿಸಿದರೆ ಒಳಗೆ ಕಡಗೋಲಿನಂಥದ್ದು ಬಟ್ಟೆಯನ್ನು ಕಡೆಯಬೇಕು.

"ಇನ್ಮ್ಯಾಕೆ ನೀನು ಒಳೇಗೋಗಂಗಿಲ್ಲ ಕಣೇ. ರಾಣಿ ಅಂಗೆ ಕೂತ್ಕಂಡು ತಿರುವು," ಎಂದ.

ಅವಳ ಕಣ್ಣು ಬಾಗಿಲಾಚೆಯ ಹೊಳೆಯ ದಾರಿಗೆ ಹೋಯಿತು. ಆದರೆ ಸುರಿದ ನೀರೆಲ್ಲ ಬಿಸಿಲಿಗೆ ಬಿರಿದ ಸಂದುಗಳಿಂದ ಪಡಸಾಲೆಗೆ ಹರಿಯಿತು. ಹಿಡಿ ತಿರುಗಿತು, ಕಡಗೋಲು ತಿರುಗಲಿಲ್ಲ. ಅವಳಿಗೆ ಜೀವ ಬಂತು. ಆ ಸಂತೋಷವೂ ಮಧ್ಯಾಹ್ನದವರೆಗೆ ಮಾತ್ರ. ಕೆಟ್ಟು ನಿಂತದ್ದನ್ನು ದಾಟಿ ಓಡಾಡಿದಷ್ಟೂ ಕೈ ತುರಿಸಿತು.

"ನಿನ್ ಕಾಲ್ಗೆ ನೀನೇ ಅಗ್ಗ ಕಟ್ಕತಿದ್ದೀಯ," ಎಂದಳು ಅತ್ತೆ ರೇವಮ್ಮ.

"ಗೊತ್ತು ಅತ್ತೆಮ್ಮ. ವಸಿ ಆ ಸುತ್ಗೆ ಕೊಡಿ."

ಹಿಡಿಗೂ ಕಡಗೋಲಿಗೂ ನಡುವಿನ ಬೆಣೆ ಮುರಿದಿತ್ತು. ಹುಣಸೆಕಟ್ಟಿಗೆಯಲ್ಲಿ ಹೊಸದನ್ನು ಕೆತ್ತಿ ಹೊಡೆದಳು. ಸಂದುಗಳಿಗೆ ಹಲಸಿನ ಮೇಣ ಕಾಯಿಸಿ ತುಂಬಿದಳು, ಹಿಡಿಯ ಬುಡಕ್ಕೆ ಗಾಡಿಯ ಕೀಲೆಣ್ಣೆ ಸವರಿದಳು. ಹಿಡಿ ಗಿರ್ರನೆ ತಿರುಗಿತು. ಗೆದ್ದೆನೆಂದು ನಕ್ಕವಳು, ಹೊಳೆ ನೆನಪಾಗಿ ಅಲ್ಲೇ ಕುಸಿದು ಕುಳಿತಳು.

ಮರುದಿನ ಹೊಳೆಯಿಂದ ನೀರು ಹೊತ್ತವನು ಗಂಡನೇ. ಕೊಡ ಸುರಿದ, ಪೀಪಾಯಿ ಕುಡಿಯಿತು. ಮತ್ತೆ ತಂದ, ಮತ್ತೆ ಕುಡಿಯಿತು. ಜಾಲಿಸುವುದಕ್ಕೆ ಮತ್ತೆ ಅಷ್ಟೇ ನೀರು ಬೇಕೆಂದಾಗ ಅವನು ಜಗಲಿಯ ಮೇಲೆ ಉರುಳಿಕೊಂಡ. ಬಟ್ಟೆ ಇನ್ನೂ ಅಂಟುವಾಳದ ನೊರೆಯಲ್ಲೇ ಇತ್ತು.

"ಅಲ್ಲಾ, ಒಳೇನ ಮನೇಗೆ ಒತ್ಕಂಡು ಬರೋ ಬದ್ಲು, ಇದನ್ನೇ ಒಳೇಗೆ ಒಯ್ದ್ರೆ?" ಎಂದಳು ಶಿವಗಂಗಮ್ಮ, ಬಲು ಮೆಲ್ಲಗೆ.

ಅವನು ಎದ್ದು ಗಾಡಿ ಕಟ್ಟಿದ.

"ಏನವ್ವಾ, ಮದ್ವಣಗಿತ್ತಿ ಅಂಗೆ ಗಾಡೀಲಿ ಬಂದದೆ?" ಎಂದಳು ಹೊಳೆದಂಡೆಯಲ್ಲಿದ್ದ ಮುದ್ದಮ್ಮ, ಪೀಪಾಯಿ ನೋಡಿ. ಹೊಳೆಯ ಹೆಂಗಸರೆಲ್ಲ ಸರದಿಯ ಮೇಲೆ ಬೀಸುವ ಪದ ಹಾಡುತ್ತ ಹಿಡಿ ತಿರುವಿದರು. ನೊರೆ ಉಕ್ಕಿ ಕಲ್ಲುಗಳಿಗೆಲ್ಲ ಬಿಳಿ ಪೇಟ ಸುತ್ತಿತು. ಒಗೆದದ್ದಾಯಿತೆಂದು ಪೀಪಾಯಿಯನ್ನು ಬರಿದು ಮಾಡಿ, ಮುಚ್ಚಿ, ತೊಳೆಯಲು ನೀರಿಗಿಳಿಸಿದರೆ ಅದು ತೇಲಿಕೊಂಡು ಹೊರಟೇಬಿಟ್ಟಿತು. ಹೆಂಗಸರು ನಗುತ್ತ, ಬೀಳುತ್ತ, ಸೀರೆ ಎತ್ತಿ ಕಟ್ಟಿ ಅಟ್ಟಿಸಿಕೊಂಡು ಹೋದರು. ಮುದ್ದಮ್ಮ ಅದರ ಒಂದು ಕಾಲು ಹಿಡಿದು ನಿಲ್ಲಿಸಿದಳು.

"ಪೀಪಾಯಿ ಒಳ್ಗೆ ನೀರು ನುಗ್ತೇನೇ?" ದಡದಿಂದ ಕೂಗಿದ ಚಂದ್ರಶೇಖರಯ್ಯ.

ಶಿವಗಂಗಮ್ಮ ಎದೆಮಟ್ಟದ ನೀರಿನಲ್ಲಿ ನಿಂತು ಮುಚ್ಚಳ ತೆಗೆದು ಒಳಗೆಲ್ಲ ಕೈಯಾಡಿಸಿದಳು.

"ಒಂದ್ ತೊಟ್ಟೂ ಇಲ್ಲ. ನಾಳೀಕೆ ವಸಿ ಬಿರ್ನೆ ಗಾಡಿ ಕಟ್ಟಿ."